ತೂಕದ ಯಂತ್ರದ ಬಳಿ ಕೇಳಿದ ಹತ್ತೊಂಬತ್ತನೆಯ ಪ್ರಶ್ನೆ

ರೋಗವನ್ನು ಅಳೆಯುವ ಸಾಧನಗಳು ಆಸ್ಪತ್ರೆಯಲ್ಲಿ ಬೇಕಾದಷ್ಟಿವೆ. ರೋಗದೊಡನೆ ಬದುಕುವವರ ದಿನ ಹೇಗೆ ಕಳೆಯುತ್ತದೆಂದು ತಿಳಿಯಬೇಕಾದರೆ ಮಾತ್ರ ಅವರನ್ನೇ ಕೇಳಬೇಕು. ಹೃದಯ, ಶ್ವಾಸಕೋಶ, ಕೀಲು, ಮೂತ್ರಪಿಂಡ ಎಂಬ ನಾಲ್ಕು ಬಗೆಯ ರೋಗಿಗಳ ಮುಂದೆ ಒಂದೇ ಪ್ರಶ್ನಾವಳಿ ಹಿಡಿದು, ಯಾರ ಬದುಕಿನ ಗುಣಮಟ್ಟ ಎಲ್ಲಿ ಕುಸಿದಿದೆಯೆಂದು ಹೋಲಿಸಿ ಹೇಳುವ ಕೆಲಸವನ್ನು ಮೂವತ್ತೊಂದು ವರ್ಷ ಮಾಡಿ ಈ ತಿಂಗಳು ನಿವೃತ್ತರಾಗುತ್ತಿರುವವರನ್ನು ರೋಗಿಗಳು ‘ಪ್ರಶ್ನೆ ಅಕ್ಕ’ ಎಂದೇ ಕರೆಯುತ್ತಾರೆ. ನಿದ್ರೆ, ಮೆಟ್ಟಿಲು, ನಾಲಿಗೆಯ ರುಚಿ, ಮನೆಯವರ ಮೇಲಿನ ಸಿಡುಕು, ಹೀಗೆ ಇಪ್ಪತ್ತೆಂಟು ಪ್ರಶ್ನೆಗಳು. ಹತ್ತೊಂಬತ್ತನೆಯದು: ಕಳೆದ ವಾರ ನಿಮಗೆ ಎಷ್ಟು ಸಲ ಭಯವಾಯಿತು?

ಇಂಥ ಅಭಿನಂದನ ಗ್ರಂಥದಲ್ಲಿ ಧೈರ್ಯವನ್ನು ಹೊಗಳುವುದು ವಾಡಿಕೆ. ಅಕ್ಕನ ಬಗ್ಗೆ ಹಾಗೆ ಬರೆದರೆ ಬಲ್ಲವರು ನಕ್ಕಾರು. ಅವರು ಲಿಫ್ಟ್ ಹತ್ತುವುದಿಲ್ಲ. ತುಂಬಿದ ನಮೂನೆಗಳನ್ನಿಟ್ಟ ಬೀರುವಿನ ಬೀಗವನ್ನು ಮೂರು ಸಲ ಎಳೆದು ನೋಡಿ ಹೋದವರು ಬಸ್ ನಿಲ್ದಾಣದಿಂದ ನಾಲ್ಕನೆಯ ಸಲಕ್ಕೆ ಮರಳುತ್ತಾರೆ. “ನಮ್ಮಕ್ಕ ಪರೀಕ್ಷೆ ಪಾಸಾದಾಗಲೂ ಹೆದರಿದ್ಲು, ಬೇರೆ ಯಾರದೋ ಅಂಕ ತನಗೆ ಬಂದಿದೆ ಅಂತ,” ಎಂದು ಅವರ ತಮ್ಮ ಇಂದಿಗೂ ಗೇಲಿ ಮಾಡುವುದುಂಟು.

ಸೇವೆಯ ಒಂಬತ್ತನೆಯ ವರ್ಷ ಅವರು ನಾಲ್ಕು ಗುಂಪುಗಳ ಹೋಲಿಕೆಯ ವರದಿ ಸಿದ್ಧಪಡಿಸಿದರು. ಮೂತ್ರಪಿಂಡ ಕೆಟ್ಟು ವಾರಕ್ಕೆ ಮೂರು ದಿನ ಯಂತ್ರಕ್ಕೆ ರಕ್ತ ಒಪ್ಪಿಸಿ ಕೂರುವ ಡಯಾಲಿಸಿಸ್ ರೋಗಿಗಳಲ್ಲೇ ಭಯ ಎಲ್ಲರಿಗಿಂತ ಕಡಿಮೆ ಎಂದು ಅದರಲ್ಲಿ ಬಂದಿತ್ತು. ನಲವತ್ತೊಂದು ಜನರಲ್ಲಿ ಮೂವತ್ತಮೂರು ಮಂದಿ ‘ಒಮ್ಮೆಯೂ ಇಲ್ಲ’ ಎಂದಿದ್ದರು. ಆಸ್ಪತ್ರೆಯ ಅಧೀಕ್ಷಕರು ಹಿಗ್ಗಿದರು. “ನೋಡಿ, ಎಂಥ ಗಟ್ಟಿ ಜನ! ಇವರಿಗೆ ಸಮಾಧಾನ ಹೇಳೋರು ಯಾಕೆ ಬೇಕು?” ಎಂದವರೇ, ಇಡೀ ಆಸ್ಪತ್ರೆಗೆ ಒಬ್ಬರೇ ಇದ್ದ ಆಪ್ತಸಮಾಲೋಚಕಿಯನ್ನು ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಡಯಾಲಿಸಿಸ್ ವಿಭಾಗ ಬಿಡಿಸಿ ಹೃದಯ ವಿಭಾಗಕ್ಕೆ ವರ್ಗಾಯಿಸಲು ಆದೇಶಿಸಿದರು. ಎಲ್ಲರೆದುರು ಅಕ್ಕನನ್ನು ಹೊಗಳಿದರು.

ಹೊಗಳಿಕೆ ಕೇಳುತ್ತಿದ್ದ ಅಕ್ಕನಿಗೆ ಒಬ್ಬರ ಕೈ ನೆನಪಾಯಿತು. ಡಯಾಲಿಸಿಸ್ ರೋಗಿಗಳಲ್ಲಿ ಒಬ್ಬರು ದರ್ಜಿ. “ಭಯಾನಾ? ಒಂದ್ಸಲಾನೂ ಇಲ್ಲಮ್ಮ,” ಎನ್ನುವಾಗ ಅವರು ಕುರ್ಚಿಯ ಕೈಯನ್ನು ಬೆರಳಗೆಣ್ಣು ಬಿಳುಚುವಷ್ಟು ಬಿಗಿಯಾಗಿ ಹಿಡಿದಿದ್ದರು. ಅದನ್ನು ಬರೆದುಕೊಳ್ಳಲು ನಮೂನೆಯಲ್ಲಿ ಜಾಗವಿರಲಿಲ್ಲ. ಮೂರು ದಿನ ಅಕ್ಕನಿಗೆ ಅನ್ನ ಸೇರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅವರು ತೂಕದ ಯಂತ್ರದ ಬಳಿ ಹೋಗಿ ನಿಂತರು. ಡಯಾಲಿಸಿಸ್‌ಗೆ ಕೂರುವ ಮುನ್ನ ಪ್ರತಿಯೊಬ್ಬರೂ ಅಲ್ಲಿಗೆ ಒಬ್ಬೊಬ್ಬರಾಗಿ ಬಂದು ತೂಕ ನೋಡಿಸಿಕೊಳ್ಳಬೇಕು. ಸುತ್ತ ಒಂದು ಹಸಿರು ಪರದೆ. ದರ್ಜಿ ಚಪ್ಪಲಿ ಕಳಚಿ ಯಂತ್ರ ಹತ್ತಿ, ಮುಳ್ಳನ್ನು ನೋಡುತ್ತಲೇ ಮೆಲ್ಲಗೆ ಕೇಳಿದರು:

“ಅಮ್ಮಾ, ಅವತ್ತು ಕೊಟ್ಟ ಉತ್ತರ ಬದಲಾಯಿಸಬಹುದಾ?”

“ಯಾವ ಪ್ರಶ್ನೇದು?”

“ಭಯದ್ದು. ಎಡಗಡೆ ಕುರ್ಚೀಲಿ ಆ ಕಾಲೇಜು ಹುಡುಗಿ ಇತ್ತಲ್ಲ, ಬಂದು ಎರಡೇ ವಾರ. ಕಿವಿ ಇತ್ತ ಕಡೆನೇ ಇಟ್ಟಿತ್ತು. ಅದರ ಎದುರಿಗೆ ನನ್ನ ಬಾಯಲ್ಲಿ ಆ ಮಾತು ಹೇಗೆ ಬರುತ್ತೆ, ಹೇಳಿ.”

“ಬಲಗಡೆ ಯಾರೂ ಇರಲಿಲ್ವಲ್ಲ?”

“ಇದ್ದೋರು ಹಿಂದಿನ ಭಾನುವಾರ ಹೋದರಲ್ಲಮ್ಮ. ಅದಕ್ಕೇ ಖಾಲಿ.”

ಸ್ವಲ್ಪ ಹೊತ್ತಿಗೆ ಅದೇ ಹುಡುಗಿ ತೂಕಕ್ಕೆ ಬಂದಳು. ಅಕ್ಕ ಪರದೆ ಎಳೆದು ಅದೇ ಪ್ರಶ್ನೆ ಕೇಳಿದರು. “ದಿನಾ ಆಗುತ್ತೆ ಮೇಡಂ. ಆದ್ರೆ ಪಕ್ಕದ ಅಂಕಲ್ ಅಷ್ಟು ಧೈರ್ಯವಾಗಿ ಇರ್ತಾರೆ, ನಾನು ಹೆದರಿದೆ ಅಂದ್ರೆ ನಾಚಿಕೆ ಅಲ್ವಾ?” ಎಂದು ಆಕೆ ಅತ್ತಳು.

ತಪ್ಪು ಎಲ್ಲಿ ನುಸುಳಿತ್ತೆಂದು ಅಕ್ಕನಿಗೆ ಆಗ ತಿಳಿಯಿತು. ಉಳಿದ ಮೂರು ಗುಂಪಿನವರನ್ನು ಹೊರರೋಗಿ ಕೋಣೆಯಲ್ಲಿ ಬಾಗಿಲು ಮುಚ್ಚಿ ಕೇಳಿದ್ದರು. ಡಯಾಲಿಸಿಸ್‌ನವರು ನಾಲ್ಕು ಗಂಟೆ ಕದಲುವಂತಿಲ್ಲವೆಂದು, ಅವರನ್ನು ಮಾತ್ರ ಹನ್ನೆರಡು ಕುರ್ಚಿಗಳ ಸಾಲಿನ ನಡುವೆ ನಿಂತು ಕೇಳಿದ್ದರು. ಪಕ್ಕದವರ ಧೈರ್ಯ ಕೆಡದಿರಲೆಂದೋ, ಅವರೆದುರು ನಾಚಿಕೆಯೆಂದೋ ಹೆಚ್ಚಿನವರು ಸುಳ್ಳು ಹೇಳಿದ್ದರು. ಅಕ್ಕ ಅದನ್ನು ಕೂಡಿ, ಭಾಗಿಸಿ, ಅಚ್ಚು ಹಾಕಿಸಿದ್ದರು.

ಒಂದನೇ ತಾರೀಖಿಗೆ ಇನ್ನೂ ಹನ್ನೊಂದು ದಿನವಿತ್ತು. ಅಷ್ಟರಲ್ಲಿ ನಲವತ್ತೊಂದು ಮಂದಿಯನ್ನೂ ಪರದೆಯ ಹಿಂದೆ ಮತ್ತೆ ಕೇಳಿದರು. ‘ಒಮ್ಮೆಯೂ ಇಲ್ಲ’ ಎಂದವರು ಈಗ ಆರೇ ಜನ. ನಾಲ್ಕೂ ಗುಂಪುಗಳಲ್ಲಿ ಅತಿ ಹೆಚ್ಚು ಹೆದರಿದವರು ಇವರೇ.

ಅಧೀಕ್ಷಕರ ಕೋಣೆಯ ಹೊರಗಿನ ಬೆಂಚಿನ ಮೇಲೆ ಅಕ್ಕ ಮುಕ್ಕಾಲು ಗಂಟೆ ಕುಳಿತಿದ್ದರು. ಎರಡು ಸಲ ಎದ್ದು ಹೊರಟೂ ಹೋಗಿದ್ದರು. ಹಿಡಿದ ಕಾಗದ ಬೆವರಿಗೆ ಒದ್ದೆಯಾಗಿತ್ತಂತೆ.

“ವರದಿ ತಪ್ಪು, ಸರ್. ಪ್ರಶ್ನೆ ಸರಿ ಇತ್ತು. ನಾನು ಕೇಳಿದ ಜಾಗ ಸರಿ ಇರಲಿಲ್ಲ.”

“ಅಚ್ಚಾಗಿ ಎಲ್ಲ ಕಡೆ ಹೋಗಿಬಿಟ್ಟಿದೆಯಲ್ಲಮ್ಮ! ನನ್ನ ಮುಖಕ್ಕೆ ಮಸಿ ಬಳಿಯೋಕೆ ಬಂದ್ರಾ? ನಿಮಗೆ ಈ ಕೆಲಸ ಬರಲ್ಲ ಅಂತ ಬರೀಬೇಕಾಗುತ್ತೆ.”

“ಬರೀರಿ ಸರ್,” ಎಂದರು ಅಕ್ಕ. ಒದ್ದೆ ಕಾಗದವನ್ನು ಮೇಜಿನ ಮೇಲಿಟ್ಟರು. “ಆ ಸಮಾಲೋಚಕಿ ಮೇಡಂನ ಮಾತ್ರ ಡಯಾಲಿಸಿಸ್‌ನಿಂದ ಕಳಿಸಬೇಡಿ.”

ಅಧೀಕ್ಷಕರು ಬರೆದರು. ಅಕ್ಕನ ಬಡ್ತಿ ಆರು ವರ್ಷ ನಿಂತಿತು. ಸಮಾಲೋಚಕಿ ಉಳಿದರು. ದರ್ಜಿ ಮುಂದೆ ನಾಲ್ಕು ವರ್ಷ ಬಂದರು. ತೂಕ ನೋಡಿಸುವ ನೆಪದಲ್ಲಿ ಪರದೆಯ ಹಿಂದೆ ಆ ಮೇಡಂ ಜೊತೆ ಐದು ನಿಮಿಷ ಮಾತಾಡಿಯೇ ಕುರ್ಚಿಗೆ ಹೋಗುತ್ತಿದ್ದರು.

ಅಂದಿನಿಂದ ನಮೂನೆಯ ತಲೆಯಲ್ಲಿ ಎರಡು ಸಾಲು ಸೇರಿವೆ: ‘ಕೇಳಿದ ಜಾಗ’, ‘ಕಿವಿಗೆ ಬೀಳುವಷ್ಟು ಹತ್ತಿರ ಇದ್ದವರು’. ವಿಭಾಗಕ್ಕೆ ಹೊಸದಾಗಿ ಬಂದವರು ಮೊದಲು ಕಲಿಯುವುದು ಇವುಗಳನ್ನು ತುಂಬುವುದನ್ನೇ. ಆದರೆ ಅದಕ್ಕೂ ಮುಂಚಿನ ಎಂಟು ವರ್ಷದ ಕಟ್ಟುಗಳು ಬೀರುವಿನ ಕೆಳಗಿನ ಅರೆಯಲ್ಲಿ ಹಾಗೆಯೇ ಇವೆ. “ಆ ವರ್ಷಗಳಲ್ಲಿ ಯಾರಿಗೆ ಸಿಗಬೇಕಾದ್ದನ್ನ ತಪ್ಪಿಸಿದೆನೋ,” ಎಂದು ಅಕ್ಕ ಇಂದಿಗೂ ಆ ಬೀಗವನ್ನು ಎಳೆದು ನೋಡುತ್ತಾರೆ. ನಿವೃತ್ತಿಯ ನಂತರ ಮಂಗಳವಾರಗಳಂದು ಬಂದು ಅವುಗಳನ್ನು ಒಂದೊಂದಾಗಿ ಬಿಚ್ಚಿ ನೋಡಲು ಅನುಮತಿ ಕೇಳಿದ್ದಾರೆ.

ಕಳೆದ ವಾರ ಪರದೆಯ ಹಿಂದೆ ಹೊಸ ರೋಗಿಯೊಬ್ಬರು, ವೃತ್ತಿಯಲ್ಲಿ ಬಸ್ ಚಾಲಕರು, ಹತ್ತೊಂಬತ್ತನೆಯ ಪ್ರಶ್ನೆಗೆ ಮರುಪ್ರಶ್ನೆ ಹಾಕಿದರು. “ನಿಮಗೆ ಭಯ ಆಗಲ್ವಾ ಅಕ್ಕ?”

ಅಕ್ಕ ಪರದೆಯನ್ನು ಇನ್ನಷ್ಟು ಎಳೆದುಕೊಂಡರು. “ಆಗುತ್ತಪ್ಪ. ದಿನಾ ಆಗುತ್ತೆ. ಈಗ ನೀವು ಹೇಳಿ.”

ಅವರು ಹೇಳಿದರು.

ಪ್ರಶ್ನೆ ಅಕ್ಕ ನೂರು ವರ್ಷ ಬಾಳಲಿ, ಮಂಗಳವಾರಗಳು ಅವರಿಗೆ ದಂಡಿಯಾಗಿ ಸಿಗಲಿ, ನಿದ್ರೆ ಚೆನ್ನಾಗಿ ಬರಲಿ. ಭಯ ಮಾತ್ರ ಪೂರ್ತಿ ಬಿಟ್ಟುಹೋಗದಿರಲಿ; ಆ ಹನ್ನೆರಡು ಕುರ್ಚಿಗಳಲ್ಲಿ ಕೂರುವವರಿಗಾಗಿ ನಮ್ಮ ಇಷ್ಟು ಸ್ವಾರ್ಥವನ್ನು ಅವರು ಮನ್ನಿಸಲಿ.