ಹಿಮ್ಮಡಿಗೆ ಇನ್ನೊಬ್ಬರ ಕೈ

ಅವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಯಾವಾಗಲೋ ಗಾಣಕ್ಕೆ ಸಿಕ್ಕಿ ಜಜ್ಜಿಹೋದದ್ದಂತೆ. ಉಗುರು ಕಪ್ಪಗೆ, ಒಂದು ಚೂರು ಮಾತ್ರ ಉಳಿದಿತ್ತು. ಆ ಹೆಬ್ಬೆರಳನ್ನು ಒಡೆದ ಹಿಮ್ಮಡಿಯ ಬಿರುಕಿನ ಅಂಚಿಗಿಟ್ಟು ಮೆಲ್ಲಗೆ ಒತ್ತುತ್ತಿದ್ದರು. ಒತ್ತುವಾಗ ಕಾಲನ್ನು ನೋಡುತ್ತಿರಲಿಲ್ಲ, ಕಾಲಿನವರ ಮುಖವನ್ನು ನೋಡುತ್ತಿದ್ದರು. ಅಲ್ಲಿ ಅದೇನು ಕಾಣುತ್ತಿತ್ತೋ ದೇವರೇ ಬಲ್ಲ. ಆಮೇಲೆ ಒಂದೇ ಪ್ರಶ್ನೆ: "ನಿಮ್ಮಟ್ಟೀಲಿ ಯಾರ್ಯಾರು ಅವ್ರವ್ವ?"

ಕಾಲು ಒಡೆದರೆ ಮನೆಯಲ್ಲಿ ಯಾರಿದ್ದಾರೆ ಎಂದು ಯಾಕೆ ಕೇಳಬೇಕು? ನನಗೆ ಆಗಲೂ ತಿಳಿಯಲಿಲ್ಲ, ಈಗ ತಿಳಿದಿದೆ ಎಂದುಕೊಂಡರೆ ಸ್ವಲ್ಪ ಹೊತ್ತಿಗೆ ಮತ್ತೆ ತಲೆ ಕೆಡುತ್ತದೆ.

ದೊಡ್ಡಗಾಜನೂರಿನಲ್ಲಿ ನಮ್ಮ ಮನೆಗೂ ಅವರ ಎಣ್ಣೆ ಗಾಣಕ್ಕೂ ನಡುವೆ ಒಂದೇ ಮಣ್ಣಿನ ಗೋಡೆ. ಊರಿಗೆಲ್ಲ ಅವರು ಗಾಣದಯ್ಯ. ಎತ್ತು ಸುತ್ತುವ ಕಿರ್ ಕಿರ್ ಸದ್ದು ಕೇಳುತ್ತಲೇ ನಾನು ಬೆಳೆದೆ, ಆ ಸದ್ದು ನಿಂತರೆ ನನಗೆ ಓದು ಹತ್ತುತ್ತಿರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಹೇಗೆ ಎಂದು ಒಮ್ಮೆ ಕೇಳಿದ್ದಕ್ಕೆ, "ಎತ್ತಿನ ಇಂದೆ ನಡ್ದು ನಡ್ದು ಓಗ್ಬುಟ್ಲು ಕಣ ಕೂಸೇ" ಎಂದು ಎತ್ತಿನ ಬೆನ್ನು ತಟ್ಟಿದರು. ನಡೆದರೆ ಯಾರಾದರೂ ಸಾಯುತ್ತಾರೆಯೇ! ಆ ವಿಷಯ ಅಲ್ಲಿಗೇ ಬಿಟ್ಟೆ.

ನಮ್ಮ ಬೆಟ್ಟದ ಮೇಲೆ ಮಾಗಿಯ ಗಾಳಿ ಬೀಸಿತೆಂದರೆ ತುಟಿಗಿಂತ ಮೊದಲು ಹಿಮ್ಮಡಿ ಒಡೆಯುತ್ತದೆ. ರಾಗಿ ಕೊಯ್ಲು, ಕೊಟ್ಟಿಗೆ, ಬಾವಿಕಟ್ಟೆ, ಎಲ್ಲ ಕಡೆಯೂ ಬರಿಗಾಲು. ಹೆಂಗಸರ ಹಿಮ್ಮಡಿಯ ಬಿರುಕಿಗೆ ಸೀರೆಯ ಅಂಚಿನ ನೂಲು ಸಿಕ್ಕಿ, ನಡೆಯುವಾಗ ಒಮ್ಮೊಮ್ಮೆ ರಕ್ತ ಬರುತ್ತಿತ್ತು. ಆಗ ಗಾಣದ ಜಗಲಿಯಲ್ಲಿ ಸಾಲು ಹತ್ತುತ್ತಿತ್ತು. ಮದ್ದೇನೂ ಗುಟ್ಟಿನದಲ್ಲ. ಹರಳೆಣ್ಣೆ, ಹೊಂಗೆಣ್ಣೆ ಸಮಸಮ ಹಾಕಿ ಬಿಸಿಮಾಡಿ, ಅದಕ್ಕೆ ಕಾಡಿನಿಂದ ಬಂದ ಜೇನುಮೇಣ ಕರಗಿಸಿ, ಚಿಟಿಕೆ ಅರಿಶಿನ. ಮೇಣಕ್ಕೆ ಅವರು ಸಂತೆಯ ತಮಿಳಿನಲ್ಲಿ ಮೆಳುಗು ಎನ್ನುತ್ತಿದ್ದರು. ಉಪ್ಪು ಹಾಕಿದ ಬೆಚ್ಚನೆ ನೀರಲ್ಲಿ ಕಾಲು ನೆನೆಸಿ, ಒರಟು ಕಲ್ಲಿನಿಂದ ಉಜ್ಜಿ, ಒರೆಸಿ, ಬಿರುಕಿಗೆ ಇದನ್ನು ತುಂಬಬೇಕು. ಇಷ್ಟೇ. ತೆಂಗಿನ ಚಿಪ್ಪಿನಲ್ಲಿ ಹಾಕಿ ಕೊಡುತ್ತಿದ್ದರು.

ಆದರೆ ಮದ್ದಿನ ಜೊತೆಗೆ ಪಥ್ಯ ಬರುತ್ತಿತ್ತಲ್ಲ, ಅಲ್ಲಿತ್ತು ತಕರಾರು. ಎಲ್ಲರಿಗೂ ಸಾಮಾನ್ಯವಾದ ಪಥ್ಯ ಒಂದು: ಸ್ವಂತ ಕೈಯಲ್ಲಿ ಹಚ್ಚಿಕೊಳ್ಳಬಾರದು, ಹಚ್ಚಿಕೊಂಡರೆ ಮದ್ದು ಹತ್ತುವುದಿಲ್ಲ. ಯಾರ ಕೈ ಎಂಬುದನ್ನು ಅವರೇ ಹೇಳುತ್ತಿದ್ದರು. ಗುಡಿಯ ಪೂಜಾರಿಯ ಹೆಂಡತಿಗೆ ಗಂಡನ ಕೈ. ಹೆಂಡತಿಯ ಕಾಲು ಮುಟ್ಟಬೇಕಲ್ಲ ಎಂದು ಪೂಜಾರಿ ಎರಡು ದಿನ ಗಾಣದ ಬೀದಿಗೇ ಬರಲಿಲ್ಲ, ಮೂರನೆಯ ದಿನ ಹಚ್ಚಿದ. ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದ ಹೆಂಗಸಿಗೆ ಒಡಹುಟ್ಟಿದ ತಮ್ಮನ ಕೈ, ಜೊತೆಗೆ ಹನ್ನೊಂದು ದಿನ ಹಸಿ ನೆಲ ತುಳಿಯದೆ ಕೂತು ಕಡಲೆಕಾಯಿ ಬಿಡಿಸುವ ಕೆಲಸ ಮಾತ್ರ. ಆ ತಮ್ಮ ಅವಳೊಂದಿಗೆ ಮಾತು ಬಿಟ್ಟು ವರ್ಷವಾಗಿತ್ತು. ಇದೆಲ್ಲ ಏನು ವೈದ್ಯವೋ!

ಆಗ ನಾನು ತಾಳವಾಡಿಯ ಶಾಲೆಯಲ್ಲಿ ಒಂಬತ್ತನೆಯ ತರಗತಿ. ಬುದ್ಧಿ ಗೇಣುದ್ದ, ಬಾಯಿ ಮಾರುದ್ದ. ಒಂದು ನೋಟ್‌ಬುಕ್ಕಿನಲ್ಲಿ ಗಾಣದಯ್ಯ ಯಾರಿಗೆ ಯಾವ ಪಥ್ಯ ಹೇಳಿದರು ಎಂದು ಬರೆದಿಡಲು ಶುರುಮಾಡಿದೆ. ಬರೆದಷ್ಟೂ ಗೊಂದಲ. ಒಬ್ಬಳಿಗೆ ಇಪ್ಪತ್ತೊಂದು ದಿನ, ಅಷ್ಟೇ ಬಿರುಕಿನ ಇನ್ನೊಬ್ಬಳಿಗೆ ಏಳು. ಒಬ್ಬಳಿಗೆ ಮಗನ ಕೈ, ಇನ್ನೊಬ್ಬಳಿಗೆ ಮಗನನ್ನು ಬಿಟ್ಟು ಯಾರಾದರೂ ಸರಿ. ನೋಟ್‌ಬುಕ್ಕು ಹಿಡಿದುಕೊಂಡೇ ಹೋಗಿ ಕೇಳಿದೆ.

"ಎಣ್ಣ ಒಂದೇಯ ಕಣ ಕೂಸೇ. ಕಾಲು ಬ್ಯಾರೆ ಬ್ಯಾರೆ" ಎಂದರು.

"ಕಾಲೆಲ್ಲ ಒಂದೇ ತಾನೆ ಅಯ್ಯ? ಚರ್ಮ ಒಣಗಿ ಒಡೀತದೆ ಅಂತ ಮೇಷ್ಟ್ರು ಹೇಳವ್ರೆ."

"ಏಳ್ಲಿ ಬುಡು. ಮೇಷ್ಟ್ರು ಓದ್ದೋರು."

ಆ ವರ್ಷದ ಮಾಗಿಯಲ್ಲಿ ನಮ್ಮ ಅವ್ವನ ಹಿಮ್ಮಡಿ ಬಾಯಿ ಬಿಟ್ಟಿತು. ಬೆರಳು ತೂರುವಷ್ಟು ಬಿರುಕು. ಪಾದದ ಮುಂಭಾಗವನ್ನಷ್ಟೇ ಊರಿ, ಬೆಂಕಿಯ ಮೇಲೆ ನಡೆಯುವವಳ ಹಾಗೆ ನಡೆಯುತ್ತಿದ್ದಳು. ಗಾಣದಯ್ಯ ಅವಳ ಹಿಮ್ಮಡಿ ಒತ್ತಿದರು, ಮುಖ ನೋಡಿದರು, ಮನೆಯಲ್ಲಿ ಯಾರ್ಯಾರು ಎಂದು ಕೇಳಿದರು. ನೆರೆಮನೆಯವರಿಗೆ ಗೊತ್ತಿಲ್ಲದ್ದೇನು? ಆದರೂ ಕೇಳಿದರು. ಆಮೇಲೆ ಹೇಳಿದರು: "ಅತ್ತೆ ಕೈ. ಇಪ್ಪತ್ತೊಂದು ದಿನ. ಕೊಟ್ಟಿಗೆ ಕಡೆ ತಲೆ ಆಕ್ಬ್ಯಾಡ."

ಅತ್ತೆ ಎಂದರೆ ನಮ್ಮ ಅಜ್ಜಿ. ಸೊಸೆ ಮನೆಗೆ ಬಂದು ಹದಿನೆಂಟು ವರ್ಷವಾದರೂ ಅವಳಿಗೆ ಒಂದು ಒಳ್ಳೆಯ ಮಾತು ಆಡಿದವಳಲ್ಲ. ಸೊಸೆಯ ಕಾಲಿಗೆ ಎಣ್ಣೆ ಹಚ್ಚುವುದೆಂದರೆ! ಜಗಲಿಗೆ ಬಂದು ಗೋಡೆಯಾಚೆಗೆ ಕೇಳುವ ಹಾಗೆ ಕೂಗಿದಳು: "ಮುದಿಯಂಗೆ ತಲೆ ಕೆಟ್ಟದಾ? ನಾ ಇವ್ಳ ಕಾಲು ಇಡೀಬೇಕಾ?" ಅಪ್ಪ ಎಂದಿನಂತೆ ಎಲೆ ಅಡಿಕೆ ಹಾಕಿಕೊಂಡರು. ಆದರೆ ಸೊಸೆ ಕುಂಟಿದರೆ ಹಾಲು ಕರೆಯುವವರು ಯಾರು? ಅದೊಂದೇ ಕಾರಣಕ್ಕೆ ಅಜ್ಜಿ ಚಿಪ್ಪು ಹಿಡಿದು ಕೂತಳು. ಮೊದಲ ದಿನ ಮುಖ ತಿರುಗಿಸಿಕೊಂಡು ಹಚ್ಚಿದಳು. ಅವ್ವ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ನಾಚಿಕೆಯಿಂದ ಸಾಯುತ್ತಿದ್ದಳು. ನಾಲ್ಕನೆಯ ದಿನ ಅಜ್ಜಿ ಹಿಮ್ಮಡಿಯನ್ನು ಬೆಳಕಿಗೆ ತಿರುಗಿಸಿ, "ಇಷ್ಟು ಒಡ್ದಿದ್ರೂ ಒಂದ್ ಮಾತ ಏಳಿಲ್ಲ ಅಲ್ವಾ ನೀನು" ಎಂದು ಬಯ್ದಳು. ಆರನೆಯ ದಿನ ಇಬ್ಬರೂ ಯಾವುದೋ ಮದುವೆಯ ವಿಷಯ ಮಾತಾಡಿ ನಗುತ್ತಿದ್ದರು. ನಾನು ನಡುಮನೆಯಲ್ಲಿ ಕೂತು ಬೆರಗಾಗಿ ನೋಡಿದೆ. ಕೊಟ್ಟಿಗೆಯ ಸಗಣಿಯನ್ನು ಅಜ್ಜಿಯೇ ಬಾಚುತ್ತಿದ್ದಳು.

ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸುಮ್ಮನಿರುವ ಜಾಯಮಾನವೇ ನನ್ನದಲ್ಲ! ನನ್ನ ಹಿಮ್ಮಡಿಯೂ ಒಡೆದಿತ್ತು. ಅವ್ವನ ಚಿಪ್ಪಿನಿಂದಲೇ ಕದ್ದು, ದಿನವೂ ಸ್ವಂತ ಕೈಯಲ್ಲಿ ಹಚ್ಚಿಕೊಂಡೆ. ಒಂಬತ್ತನೆಯ ದಿನಕ್ಕೆ ಬಿರುಕು ಮುಚ್ಚಿ ಚರ್ಮ ನುಣ್ಣಗಾಯಿತು. ಸಿಕ್ಕಿಬಿದ್ದರು ಗಾಣದಯ್ಯ! ಊಟದ ಹೊತ್ತಿಗೆ ಎಲ್ಲರ ಮುಂದೆ ಕಾಲು ಚಾಚಿ ತೋರಿಸಿದೆ. "ನೋಡಿ, ಇದು ನನ್ನ ಕೈಲೇ ವಾಸಿಯಾದದ್ದು. ಅತ್ತೆ ಕೈ ಗಂಡನ ಕೈ ಎಲ್ಲ ಬರೀ ಸುಳ್ಳು." ನೋಟ್‌ಬುಕ್ಕನ್ನೂ ಓದಿ ಹೇಳಿದೆ. ಮರುದಿನ ಬಾವಿಕಟ್ಟೆಯಲ್ಲೂ ಹೇಳಿದೆ.

ಅಜ್ಜಿ ಚಿಪ್ಪನ್ನು ಅವ್ವನ ಮುಂದಕ್ಕೆ ತಳ್ಳಿದಳು. "ಅಂಗಾದ್ರೆ ನಿನ್ ಕೈಗೇನ್ ಬಂದದೆ? ಅಚ್ಕೊ ಓಗು." ಅವ್ವ ನನ್ನನ್ನು ನೋಡಿದಳು. ಸಂಜೆಗೆ ಕೊಟ್ಟಿಗೆಗೆ ಹೋದಳು. ಅವಳ ಬಿರುಕು ಅರ್ಧ ಮಾತ್ರ ಕೂಡಿತ್ತು.

ಒಂದು ವಾರದಲ್ಲಿ ಕಾಲು ಮೊಣಕಾಲಿನವರೆಗೆ ಊದಿತು. ಸಗಣಿ, ಗಂಜಳ, ಕೆಸರು, ಎಲ್ಲ ಆ ಬಾಯಿಯೊಳಗೆ ಹೋಗಿತ್ತು. ಜ್ವರದಲ್ಲಿ ನನ್ನ ಹೆಸರಿಗೆ ಬದಲು ಅವಳ ಸತ್ತ ತಂಗಿಯ ಹೆಸರು ಹಿಡಿದು ಕರೆದಳು. ಆಲೂಗಡ್ಡೆ ಲಾರಿಯಲ್ಲಿ ಮೂಟೆಗಳ ಮೇಲೆ ಮಲಗಿಸಿ ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಧನುರ್ವಾಯು ಆಗದಿದ್ದದ್ದು ಪುಣ್ಯ ಎಂದರಂತೆ ಡಾಕ್ಟರು. ಎರಡು ತಿಂಗಳು ಅವ್ವ ಮನೆಯಲ್ಲಿರಲಿಲ್ಲ. ಬಂದಳು, ಬದುಕಿದಳು, ಆದರೆ ಆ ಕಾಲನ್ನು ಕೊನೆಯವರೆಗೂ ಸ್ವಲ್ಪ ಎಳೆದೇ ನಡೆದಳು.

ಅವ್ವ ಆಸ್ಪತ್ರೆಯಲ್ಲಿದ್ದಾಗ ಗಾಣದ ಕಡೆ ಹೋಗಲು ನನಗೆ ಮುಖವಿರಲಿಲ್ಲ. ಅವರೇ ಗೋಡೆಯಾಚೆಯಿಂದ ಕರೆದರು. ಬಯ್ಯುತ್ತಾರೆ, ಬಯ್ಯಲಿ ಎಂದುಕೊಂಡು ಹೋದೆ. ಅವರು ಎತ್ತನ್ನು ನಿಲ್ಲಿಸಿ, ಹಿಂಡಿಯ ಒಂದು ತುಂಡು ಮುರಿದು ನನ್ನ ಕೈಗಿಟ್ಟರು.

"ನೀ ಬರ್ದಿದ್ದೆಲ್ಲ ದಿಟವೇಯ ಕೂಸೇ. ನಿನ್ ಕಾಲು ನಿನ್ ಕೈಲೇ ವಾಸಿ ಆಯ್ತು ಅಲ್ವಾ?"

"ಹೂಂ."

"ಆ ಒಂಬತ್ತು ದಿನ ಎಲ್ ಕುಂತಿದ್ದೆ?"

ಶಾಲೆಯ ಬೆಂಚಿನ ಮೇಲೆ. ಅಪ್ಪ ಕೊಡಿಸಿದ ಚಪ್ಪಲಿ ಹಾಕಿಕೊಂಡು ಬಸ್ಸಿನಲ್ಲಿ ಹೋಗಿ, ಬೆಂಚಿನ ಮೇಲೆ ಕೂತು, ಬಸ್ಸಿನಲ್ಲೇ ಬರುತ್ತಿದ್ದೆ. ಕೊಟ್ಟಿಗೆಗೆ ಕಾಲಿಟ್ಟವಳೇ ಅಲ್ಲ. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಅಂಗಾದ್ರೆ ಕೂತ್ಕೋ, ಕೆಲಸ ಮಾಡಬೇಡ ಅಂತ ನೆಟ್ಟಗೆ ಹೇಳಬಾರದಿತ್ತಾ? ಅತ್ತೆ ಕೈ ಅಂತ ಯಾಕೆ ಸುಳ್ಳು ಹೇಳಿದ್ರಿ?"

"ಸುಳ್ಳು ಯಾವ್ದು?" ಎಂದರು. ನಿಜವಾಗಿಯೂ ಗೊತ್ತಿಲ್ಲದವರ ಹಾಗೆ ಕೇಳಿದರು. ಎತ್ತು ಮತ್ತೆ ನಡೆಯಿತು.

ಆ ದಿನದಿಂದ ನಾನು ಒಂದು ತೀರ್ಮಾನಕ್ಕೆ ಬಂದೆ. ಗಾಣದಯ್ಯ ಜಾಣರು, ಹೆಂಗಸರಿಗೆ ನಾಲ್ಕು ದಿನ ಕೂರಲು ನೆವ ಹುಡುಕುತ್ತಿದ್ದರು, ಕೈ ಎಂಬುದು ಬರೀ ಉಪಾಯ. ಅವರ ಹೆಂಡತಿಯ ಕಾಲಿನ ವಿಷಯವೂ ಆಗ ಹೊಳೆಯಿತು. ಎಣ್ಣೆಯ ಮನೆಯಲ್ಲೇ ಇದ್ದುಕೊಂಡು, ಎತ್ತಿನ ಹಿಂದೆ ನಡೆಯುತ್ತಲೇ ಇದ್ದವಳ ಹಿಮ್ಮಡಿ ಏನಾಗಿತ್ತೋ. ಕೇಳುವ ಧೈರ್ಯ ಬರಲಿಲ್ಲ. ಉಪಾಯ ಎಂಬ ಈ ಲೆಕ್ಕವನ್ನೇ ನಂಬಿಕೊಂಡು ಮದುವೆಯಾಗಿ ಗೆಟ್ಟವಾಡಿಗೆ ಹೋದೆ. ಅಲ್ಲಿಯೂ ಮೇಣ ಕರಗಿಸಿ ಹತ್ತಾರು ಹೆಂಗಸರಿಗೆ ಕೊಟ್ಟೆ, ಪಥ್ಯವನ್ನೂ ಅವರಂತೆಯೇ ಗಂಭೀರವಾಗಿ ಹೇಳಿದೆ. ಒಳಗೊಳಗೇ ನಗುತ್ತಿದ್ದೆ.

ಎಂಬತ್ತರ ದಶಕದ ನಡುವೆ ತಾಳವಾಡಿಗೆ ಕರೆಂಟಿನ ಎಣ್ಣೆ ಮಿಲ್ಲು ಬಂತು. ಗಾಣ ನಿಂತಿತು, ಎತ್ತು ಮಾರಿದರು. ಒಂದು ಮಾಗಿಯಲ್ಲಿ ನಾನು ತವರಿಗೆ ಬಂದಾಗ ಗೋಡೆಯಾಚೆ ಸದ್ದೇ ಇಲ್ಲ. ಅವ್ವ ಕಾಲೆಳೆಯುತ್ತಾ ದಿನಕ್ಕೆರಡು ಬಾರಿ ಅವರಿಗೆ ಗಂಜಿ ಕೊಟ್ಟು ಬರುತ್ತಿದ್ದಳು. ನಾನೂ ಹೋದೆ. ಚಾಪೆಯ ಮೇಲೆ ಮಲಗಿದ್ದರು, ಕಂಬಳಿ ಚಿಕ್ಕದು, ಪಾದ ಹೊರಗೆ.

ಅಷ್ಟು ವರ್ಷ ನಾನು ಅವರ ಹಿಮ್ಮಡಿ ನೋಡಿರಲೇ ಇಲ್ಲ. ಎರಡೂ ಕಡೆ ಬೇಸಿಗೆಯ ಕೆರೆಯಂಗಳದ ಹಾಗೆ ಸೀಳಿತ್ತು. ಹಳೆಯ ಬಿರುಕಿನ ಮೇಲೆ ಹೊಸ ಬಿರುಕು. ನನ್ನ ಬಾಯಿ ಮತ್ತೆ ಜೋರಾಯಿತು.

"ಇದೇನಯ್ಯ ಇದು! ಊರಿಗೆಲ್ಲ ಎಣ್ಣೆ ಕೊಟ್ಟು, ನಿಮ್ಮ ಕಾಲಿಗೆ ಒಂದು ತೊಟ್ಟು ಹಚ್ಕೊಳ್ಳೋಕೆ ಏನು ದಾಡಿ?"

"ಸ್ವಂತ ಕೈ ಆಗಾಕಿಲ್ಲ ಅಂತ ಏಳಿಲ್ವಾ ನಾನು?" ಎಂದರು.

ನಾನು ನಗೆಯಾಡುತ್ತಿದ್ದಾರೆ ಎಂದುಕೊಂಡೆ. ಮುಖ ನೋಡಿದೆ. ನಗುತ್ತಿರಲಿಲ್ಲ. ಅಂದರೆ ಅವರು ನಂಬಿದ್ದರೇ? ಹತ್ತು ಹನ್ನೆರಡು ವರ್ಷ ನಾನು ಉಪಾಯ ಎಂದುಕೊಂಡದ್ದು ಉಪಾಯವಲ್ಲವೇ? ಅಥವಾ ಹೆಂಡತಿ ಹೋದಮೇಲೆ ತಮಗೆ ತಾವೇ ಹಾಕಿಕೊಂಡ ಶಿಕ್ಷೆಯೇ? ಕೇಳಬೇಕಾದದ್ದನ್ನು ಬಿಟ್ಟು ಬೇರೇನನ್ನೋ ಕೇಳಿದೆ.

"ಹಾಗಾದರೆ ನಿಮಗೆ ಯಾರ ಕೈ ಆಗಬೇಕು? ಹೇಳಿ, ಕರ್ಕೊಂಡು ಬರ್ತೀನಿ."

ಅವರು ನನ್ನ ಮುಖ ನೋಡಿದರು.

"ನನ್ನ ಸುಳ್ಳ ಅಂದೋರ ಕೈ" ಎಂದರು.

ಊರಲ್ಲಿ ಅವರನ್ನು ಸುಳ್ಳ ಎಂದವಳು ನಾನೊಬ್ಬಳೇ. ಎದ್ದು ಹೋಗಿ ಒಲೆ ಹಚ್ಚಿದೆ. ಅವರ ಮನೆಯಲ್ಲೇ ಗಡಿಗೆಯ ತಳದಲ್ಲಿ ಹರಳೆಣ್ಣೆ ಇತ್ತು, ಗೂಡಿನಲ್ಲಿ ಮೆಳುಗು ಇತ್ತು. ಹೊಂಗೆಣ್ಣೆಯನ್ನು ಅವ್ವ ತಂದುಕೊಟ್ಟಳು. ಉಪ್ಪುನೀರಲ್ಲಿ ಕಾಲು ತೊಳೆದು, ತೊಡೆಯ ಮೇಲಿಟ್ಟುಕೊಂಡು, ಬಿರುಕು ಬಿರುಕಿಗೂ ತುಂಬಿದೆ. ಹಚ್ಚುವಾಗ ಅವರನ್ನು ಬಯ್ಯುತ್ತಲೇ ಇದ್ದೆ, ಬಯ್ಯುವುದು ನಿಲ್ಲಿಸಿದರೆ ಅಳು ಬರುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡು, "ವಸಿ ಮೆಲ್ಲಗೆ ಕೂಸೇ" ಎನ್ನುತ್ತಿದ್ದರು. ಎಷ್ಟು ದಿನದ ಪಥ್ಯ ಎಂದೆ. ಇಪ್ಪತ್ತೊಂದು ಎಂದರು. ಇಪ್ಪತ್ತೊಂದು ದಿನ ತವರಲ್ಲೇ ಇರುತ್ತೇನೆ ಎಂದು ಗೆಟ್ಟವಾಡಿಗೆ ಹೇಳಿ ಕಳಿಸಿದೆ.

ಹನ್ನೆರಡನೆಯ ದಿನ ಬೆಳಿಗ್ಗೆ ಚಿಪ್ಪು ಹಿಡಿದು ಹೋದಾಗ ಅವರು ಇರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕಾಲು ಮಡಚಿ, ಪದ್ಮಾಸನ ಹಾಕಿ ಕೂರಿಸುತ್ತಾರೆ. ವಿಭೂತಿ ಬಳಿದು, ಹೂ ಹಾಕಿ, ಗಾಣದ ಜಗಲಿಯಲ್ಲೇ ಕೂರಿಸಿದ್ದರು. ಅಂಗಾಲು ಮೇಲಕ್ಕೆ ತಿರುಗಿ ಎಲ್ಲರಿಗೂ ಕಾಣುತ್ತಿತ್ತು. ಕೈ ಮುಗಿದು ಬಂದ ಹೆಂಗಸರೆಲ್ಲ ಮೊದಲು ಹಿಮ್ಮಡಿ ನೋಡಿದರು, ಆಮೇಲೆ ಮುಖ. ಪೂಜಾರಿಯ ಹೆಂಡತಿ ನನ್ನ ಪಕ್ಕ ನಿಂತು, "ಯಾರು ಅಚ್ಚಿದ್ದು?" ಎಂದು ಕೇಳಿದಳು.

ವಾಸಿ ಮಾಡಿದ್ದು ಎಣ್ಣೆಯೋ, ಚಾಪೆಯ ಮೇಲೆ ಮಲಗಿದ್ದೋ, ಕೈಯೋ, ಅಂದಿಗೂ ಗೊತ್ತಿರಲಿಲ್ಲ, ಇಂದಿಗೂ ಗೊತ್ತಿಲ್ಲ. ಎಡ ಹಿಮ್ಮಡಿ ಪೂರ್ತಿ ಕೂಡಿಕೊಂಡಿತ್ತು. ಬಲಗಾಲಿಗೆ ಇನ್ನೂ ಹತ್ತು ದಿನ ಬೇಕಿತ್ತು.