ಹಾಸಿಗೆ ಹಿಡಿಯದ ಕಾಯಿಲೆ

ನಿನ್ನೆ ಮಾಡಿದ ಕೆಲಸಗಳು ಇಷ್ಟು. ಅಂಗಳ ಗುಡಿಸಿ ನೀರು ಹಾಕಿದೆ. ಹಾಲು ಕಾಸಿ ಹೆಪ್ಪು ಹಾಕಿದೆ. ಬಟ್ಟೆ ಒಗೆದು ಮಾಳಿಗೆಯ ಮೇಲೆ ಹರವಿದೆ. ಕೆಂಪು ಧೂಳು ಕೂತೀತೆಂದು ಬಿಳಿ ಅಂಗಿಗಳನ್ನು ಮಾತ್ರ ಒಳಗಿನ ಹಗ್ಗಕ್ಕೆ ಹಾಕಿದೆ. ಮೆಂತ್ಯೆ ಸೊಪ್ಪು ಬಿಡಿಸುತ್ತ ವಿಮಾ ಕಂಪನಿಗೆ ಫೋನ್ ಮಾಡಿದೆ. ಸೊಪ್ಪು ಬಿಡಿಸಿ, ತೊಳೆದು, ಹೆಚ್ಚಿ ಮುಗಿಯಿತು. ಫೋನಿನೊಳಗಿನ ಸಂಗೀತ ಮುಗಿಯಲಿಲ್ಲ. ಪಾತ್ರೆಯಲ್ಲಿ ಅನ್ನಕ್ಕೆ ಎಸರಿಟ್ಟು, ಬೆಂದ ಮೇಲೆ ಗಂಜಿ ಬಸಿದೆ.

ಈ ಕಾಲದಲ್ಲೂ ಗಂಜಿ ಬಸಿಯುವವಳು ಒಬ್ಬಳಿದ್ದಾಳಲ್ಲ ಎಂದು ನೀವು ಮೆಚ್ಚಿಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ, ನಮ್ಮಲ್ಲೂ ಕುಕ್ಕರ್ ಇದೆ. ಅಟ್ಟದ ಮೇಲೆ ಹಳೇ ಸೀರೆ ಸುತ್ತಿಕೊಂಡು ಕೂತಿದೆ. ಅದು ಸೀಟಿ ಹೊಡೆದರೆ ನಮ್ಮ ಮನೆಯವರು, ಊಟಕ್ಕೆ ಕೂತಿರಲಿ ಸ್ನಾನಕ್ಕೆ ಕೂತಿರಲಿ, ತಟ್ಟನೆ ಎದ್ದು ನಿಂತು ಬಲಗೈ ಮೇಲೆತ್ತುತ್ತಾರೆ.

ಅವರದು ಸಂಡೂರಿನ ಗುಡ್ಡದ ಮೇಲೆ ಒಂದು ಅದಿರಿನ ಗಣಿಯಲ್ಲಿ ಕೆಲಸ. ಮಣ್ಣು ತುಂಬಿದ ಡಂಪರುಗಳು ಹಿಂದಕ್ಕೆ ಸರಿಯುತ್ತ ಬಂದು ಗುಡ್ಡದ ಅಂಚಿನಲ್ಲಿ ಸುರಿಯುತ್ತವೆ. ಬದಿಯಲ್ಲಿ ನಿಂತು ಸೀಟಿ ಊದಿ, ಕೈ ತೋರಿಸಿ, ಅವುಗಳನ್ನು ನಿಲ್ಲಿಸುವವರು ಇವರು. ಹೋದ ವರ್ಷದ ಮಳೆಗಾಲದಲ್ಲಿ ಒಂದು ದಿನ ಅಂಚೇ ಕುಸಿಯಿತು. ಡಂಪರ್ ಕೆಳಗೆ ಹೋಯಿತು. ಬಂಡ್ರಿ ಊರಿನ ಡ್ರೈವರ್ ಉಳಿಯಲಿಲ್ಲ. ಇವರು ಸೀಟಿ ಊದಿದ್ದರು, ಕೈ ಎತ್ತಿದ್ದರು. ಕಂಡವರು ಹಾಗೇ ಹೇಳಿದರು, ವಿಚಾರಣೆಗೆ ಬಂದವರು ಹಾಗೇ ಬರೆದುಕೊಂಡರು. ಸತ್ತವನ ತಾಯಿಯೂ ಇವರ ಕೈ ಹಿಡಿದು, ನಿಂದೇನೂ ತಪ್ಪಿಲ್ಲಪ್ಪ ಎಂದಳು. ಒಪ್ಪದೆ ಉಳಿದದ್ದು ಇವರ ನಿದ್ದೆ ಒಂದೇ.

ಈಗ ಕಂಪನಿ ಇವರನ್ನು ಸ್ಟೋರಿಗೆ ಹಾಕಿದೆ. ಹೊಸಪೇಟೆಯಿಂದ ಕಂಪನಿ ಬಸ್ಸಿನಲ್ಲಿ ಹೋಗುತ್ತಾರೆ, ಬರುತ್ತಾರೆ, ಚಹಾದ ಅಂಗಡಿಯಲ್ಲಿ ನಾಲ್ಕು ಮಾತೂ ಆಡುತ್ತಾರೆ. ಕತ್ತಲಾದರೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತುಬಿಡುತ್ತಾರೆ. ಕೂತಲ್ಲೇ ಒಂದಿಷ್ಟು ಕಣ್ಣು ಮುಚ್ಚಿದರೆ ಅದೇ ನಿದ್ದೆ. ಅವರ ಕಣ್ಣು ಮುಚ್ಚುವ ತನಕ ನಾನು ಮಲಗಬಾರದು ಎಂಬುದು ನನಗೆ ನಾನೇ ಹಾಕಿಕೊಂಡ ನಿಯಮ. ಇದರಿಂದ ಅವರಿಗೇನು ಉಪಕಾರವೋ ತಿಳಿಯದು. ನನ್ನ ಕಣ್ಣ ಕೆಳಗೆ ಮಾತ್ರ ಕಪ್ಪು ಕೂತಿದೆ.

ಪಕ್ಕದ ಮನೆಯ ಶಾರದಮ್ಮನಿಗೆ ವಿಷಯ ಗೊತ್ತಾದಾಗಿನಿಂದ ಅವಳು ತನ್ನ ಕುಕ್ಕರನ್ನು ಸೀಟಿಗೆ ಮೊದಲೇ ಒಲೆಯಿಂದ ಇಳಿಸುತ್ತಾಳೆ. ಅವಳ ಗಂಡ ವರ್ಷದಿಂದ ಅರೆಬೆಂದ ಬೇಳೆ ಉಣ್ಣುತ್ತಿದ್ದಾನೆ. ನಮ್ಮನ್ನು ಕಂಡರೆ ಈಗಲೂ ನಗುತ್ತಾನೆ, ಆದರೆ ಆ ನಗುವಿನಲ್ಲಿ ಸ್ವಲ್ಪ ಹೊಟ್ಟೆನೋವಿದೆ.

ಸ್ವಲ್ಪ ಗಾಳಿ ಬದಲಾಗಲಿ ಎಂದು ಒಮ್ಮೆ ಹಂಪಿಗೆ ಕರೆದುಕೊಂಡು ಹೋಗಿದ್ದೆ. ವಿರೂಪಾಕ್ಷನಿಗೆ ಕಾಯಿ ಒಡೆಸಿ, ಬಜಾರಿನ ಕಲ್ಲುಮಂಟಪದ ನೆರಳಿನಲ್ಲಿ ಕೂತು ಮಂಡಕ್ಕಿ ತಿಂದೆವು. ಇವರ ಮುಖ ಸಡಿಲಾಗಿತ್ತು. ಅಷ್ಟರಲ್ಲಿ ಯಾವನೋ ಪ್ರವಾಸಿ ಫೋಟೋ ತೆಗೆಸಿಕೊಳ್ಳಲು ಮಂಟಪದ ಮೇಲೆ ಹತ್ತಿದ, ಕಾವಲಿನವನು ಸೀಟಿ ಊದಿದ. ಹತ್ತಿದವನು ಇಳಿಯಲಿಲ್ಲ. ನನ್ನ ಗಂಡ ಎದ್ದು ನಿಂತರು, ಕೈ ಮೇಲೆ, ಮಡಿಲಲ್ಲಿದ್ದ ಮಂಡಕ್ಕಿಯೆಲ್ಲ ನೆಲದ ಮೇಲೆ.

ಗಣಿಯ ದವಾಖಾನೆಯ ಡಾಕ್ಟರು ನೋಡಿ, ಮಾತ್ರೆಯಿಂದ ಅರ್ಧ ಆದೀತು, ಉಳಿದರ್ಧ ಆಪ್ತಸಮಾಲೋಚಕರ ಎದುರು ಕೂತು ಮಾತಾಡಿಯೇ ಆಗಬೇಕು ಎಂದರು. ಇವರು ಒಲ್ಲೆ ಅನ್ನುತ್ತಾರೆಂದುಕೊಂಡಿದ್ದೆ. ಅನ್ನಲಿಲ್ಲ. ಕಂಪನಿ ಕೊಟ್ಟಿದ್ದ ವಿಮೆ ಕಾರ್ಡನ್ನು ಜೇಬಿನಿಂದ ತೆಗೆದು ನನ್ನ ಕೈಗಿಟ್ಟರು.

"ಇದು ನಡೆಯೋ ಕಡೆ ಹುಡುಕು, ಬರ್ತೀನಿ. ಕಾರ್ಡ್ ತಗೊಂಡ್ರ ಇದು ರೋಗ. ತಗೊಳ್ಳಲಿಲ್ಲಾಂದ್ರ ನನ್ನ ಪುಕ್ಕಲುತನ."

ಫೀಸು ಕೈಯಿಂದ ಕೊಟ್ಟರಾಯಿತು ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ದುಡ್ಡಿನ ಮಾತಾಗಿದ್ದರೆ ಹೇಗೋ ದಾಟಬಹುದಿತ್ತು. ಇವರಿಗೆ ಬೇಕಾಗಿದ್ದದ್ದು ಸಾಕ್ಷಿ.

ಹೊಸಪೇಟೆಯಲ್ಲಿ ಕಾರ್ಡ್ ನಡೆಯುವ ಆಸ್ಪತ್ರೆಗಳಿಗೇನೂ ಬರವಿಲ್ಲ. ಪಿತ್ತಕೋಶದ ಕಲ್ಲಿಗೆ ನಡೆಯುತ್ತದೆ, ಗರ್ಭಕೋಶಕ್ಕೆ ನಡೆಯುತ್ತದೆ, ಮೊಣಕಾಲಿಗಂತೂ ಕೈಮುಗಿದು ಕರೆಯುತ್ತಾರೆ. ಮನಸ್ಸು ಯಾವ ಮಹಡಿಯಲ್ಲಿದೆ ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒಂದು ಕಡೆ ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ ನೋಡಿ, "ಮನಸ್ಸಿಂದೂ ಐತ್ರಿ ಅಮ್ಮಾ. ಆದ್ರ ಅಡ್ಮಿಟ್ ಆಗ್ಬೇಕು. ಬೆಡ್ ಇಲ್ದ ಕಾರ್ಡ್ ನಡೆಯಂಗಿಲ್ಲ," ಎಂದಳು. ಸಂಡೂರಿನಲ್ಲಿ ಕೇಳಿದರೆ ಹೊಸಪೇಟೆಗೆ ಹೋಗಿ ಎಂದರು.

ಕಂಪ್ಲಿಯಲ್ಲಿ ಒಬ್ಬ ಅಕ್ಕೋರು ಸಿಕ್ಕರು. ಓದಿದ್ದು ಇದೇ ಆಪ್ತಸಮಾಲೋಚನೆಯ ವಿದ್ಯೆ. ಮನೆಯ ಮುಂದಿನ ಕೋಣೆಯಲ್ಲಿ ಕೂತು ಬಂದವರ ಮಾತು ಕೇಳುತ್ತಾರೆ. ಕಾರ್ಡ್ ನಡೆಯುತ್ತದೆಯೇ ಎಂದು ಒಂದು ಮಾತು ಕೇಳಲು ಹೋದ ನನಗೆ, ಕುಕ್ಕರು, ಮಂಡಕ್ಕಿ, ಶಾರದಮ್ಮನ ಬೇಳೆ ಎಲ್ಲ ಹೇಳಿ, ಅತ್ತು, ಮೂಗು ಒರೆಸಿಕೊಂಡ ಮೇಲೆ ಕಾರ್ಡ್ ನೆನಪಾಯಿತು. ಅವರು ಅದನ್ನು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟರು.

"ವಿಮೆಯವರಿಗೆ ಆಸ್ಪತ್ರಿ ಬೇಕ್ರಿ, ಹಾಸಿಗಿ ಬೇಕು. ನಂದು ಎಲ್ಲಾ ಸೇರಿ ಎರಡು ಕುರ್ಚಿ ಅದಾವು."

ವಿಮಾ ಕಂಪನಿಯನ್ನು ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ತಿರುಗಿ ಬರುವಾಗ ಬಸ್ಸಿನಲ್ಲಿ ಯೋಚಿಸಿದರೆ ನಮ್ಮ ನೆಂಟರ ಶಾಸ್ತ್ರವೂ ಅದೇ ಅಲ್ಲವೇ ಅನ್ನಿಸಿತು. ಮೆಟ್ರಿಯ ನನ್ನ ನಾದಿನಿ ಕಾಲು ಮುರಿದುಕೊಂಡು ಮಲಗಿದಾಗ ಟೆಂಪೋ ಮಾಡಿಕೊಂಡು ಹೋಗಿ, ಬ್ರೆಡ್ಡು, ಬಾಳೆಹಣ್ಣು, ಎಳನೀರು ಕೊಟ್ಟು ಮಾತಾಡಿಸಿಕೊಂಡು ಬಂದಿದ್ದೆವು. ಇವರ ನಿದ್ದೆ ಹೋಗಿ ವರ್ಷವಾಯಿತು, ಒಂದು ತುಂಡು ಬ್ರೆಡ್ಡು ಬಂದಿಲ್ಲ. ನಡೆದಾಡುವವನನ್ನು ಯಾರು ಮಾತಾಡಿಸಲು ಬರುತ್ತಾರೆ? ಹಾಸಿಗೆ ಹಿಡಿದರೆ ತಾನೇ ಕಾಯಿಲೆ.

ಹಾಸಿಗೆಯ ಮಾತು ಬಂದರೆ ನನಗೆ ಅನಂತಶಯನಗುಡಿ ನೆನಪಾಗುತ್ತದೆ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲೇ ಇದೆ. ಮಲಗಿದ ದೇವರಿಗೆಂದು ರಾಜ ಕಟ್ಟಿಸಿದ ಗುಡಿ; ಗರ್ಭಗುಡಿಯೇ ಅಡ್ಡಕ್ಕೆ ಉದ್ದ, ಒಳಗೆ ಉದ್ದನೆಯ ಕಲ್ಲುಪೀಠ. ದೇವರು ಮಾತ್ರ ಹೊಳಲು ಎಂಬ ಊರಿನಲ್ಲೇ ಉಳಿದ, ಬರಲೊಲ್ಲೆ ಅಂದ ಎಂದು ನಮ್ಮ ಕಡೆ ಹೇಳುತ್ತಾರೆ. ಪೀಠ ಇವತ್ತಿಗೂ ಖಾಲಿ. ನೂರಾರು ವರ್ಷದಿಂದ ಹಾಸಿಗೆ ಹಾಸಿಯೇ ಇದೆ, ಮಲಗುವವನು ಬಂದಿಲ್ಲ. ಆ ದಾರಿಯಲ್ಲಿ ಹೋದಾಗಲೆಲ್ಲ ನಮ್ಮ ಮನೆಯ ಮಂಚ ಕಣ್ಣ ಮುಂದೆ ಬರುತ್ತದೆ. ಅಂಥ ರಾಜನ ಕೈಯಲ್ಲೇ ಆಗದ್ದು ನನ್ನ ಕೈಯಲ್ಲಿ ಏನಾದೀತು?

ಆದರೂ ಒಂದು ಪ್ರಯತ್ನ ಮಾಡಿದೆ, ಬೆಡ್ ಬೇಕೆಂದ ಆಸ್ಪತ್ರೆಗೇ ಹೋಗಿ ಇವರನ್ನು ಅಡ್ಮಿಟ್ ಮಾಡಿಕೊಳ್ಳಿ ಎಂದೆ. ಒಂದು ಹಗಲು ಒಂದು ರಾತ್ರಿ ಇಟ್ಟುಕೊಂಡು ನೋಡೋಣ ಎಂದು ಆಸ್ಪತ್ರೆಯ ಡಾಕ್ಟರೂ ಒಪ್ಪಿದರು. "ನಿದ್ದಿ ಬರವಲ್ದು ಅಂತ ನಾವು ಹೋಗೂದು, ಮಲಕ್ಕೋ ಅಂತ ಅವರು ಅನ್ನೂದು. ಚಂದ ಐತಿ," ಎಂದು ಇವರು ಗೊಣಗಿದರೂ ಕಾರ್ಡಿನ ಮೇಲಿನ ಆಸೆಯಿಂದ ಬಂದರು. ಬೆಡ್ ಸಿಕ್ಕಿದ್ದೇ ತಡ, ಮೆಟ್ರಿಯಿಂದ ಟೆಂಪೋ ಬಂತು, ಬ್ರೆಡ್ಡೂ ಬಂತು. ನಾದಿನಿ ಕುಂಟುತ್ತ ಬಂದಳು. ತಂಗಿಯ ಕಾಲು ನೋಡಿ ಇವರು ಹಾಸಿಗೆಯನ್ನು ಅವಳಿಗೆ ಬಿಟ್ಟು ಕುರ್ಚಿಯಲ್ಲಿ ಕೂತರು. ಅವಳು ಮುಸುಕೆಳೆದು ಗೊರಕೆ ಹೊಡೆಯತೊಡಗಿದಳು. ನರ್ಸ್ ಬಂದು, ಹೊದಿಕೆಯಿಂದ ಹೊರಗಿದ್ದ ಕೈಗೆ ಬಿಪಿ ಪಟ್ಟಿ ಸುತ್ತಿ, ಬಳೆ ಕಂಡು ಗಾಬರಿಯಾದಳು. ಎಲ್ಲರೂ ನಕ್ಕರು, ಇವರೂ ನಕ್ಕರು. ಮಾತಾಡಿಸಬೇಕಾದ ಆಪ್ತಸಮಾಲೋಚಕರು ಆ ಆಸ್ಪತ್ರೆಯಲ್ಲಿ ಇರಲೇ ಇಲ್ಲ. ಮಾತ್ರೆ ಬರೆದು ಕಳಿಸಿದರು.

ಆಮೇಲೆ ವಿಮೆಯವರ ಮೆಸೇಜು ಬಂತು. ಮನೆಯಲ್ಲೇ ಮಾತ್ರೆ ನುಂಗಬಹುದಿತ್ತು, ಆಸ್ಪತ್ರೆಗೆ ಸೇರುವ ಅಗತ್ಯವಿರಲಿಲ್ಲ, ಆದ್ದರಿಂದ ಹಣ ಕೊಡಲಾಗುವುದಿಲ್ಲ. ನಾನು ಅದನ್ನು ಇವರಿಗೆ ಓದಿ ಹೇಳಿದೆ. ಹೇಳಬಾರದಿತ್ತು.

"ಅವರೂ ಅಂದ್ರಲ್ಲ, ರೋಗ ಅಲ್ಲಂತ," ಎಂದು ಕಾರ್ಡನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. ಅವತ್ತಿನಿಂದ ಆ ಮಾತನ್ನೇ ಎತ್ತಿಲ್ಲ. ನಾನು ಮಾತ್ರ ಸೊಪ್ಪು ಬಿಡಿಸುವಾಗ, ಅಕ್ಕಿ ಆರಿಸುವಾಗ ಫೋನ್ ಮಾಡುತ್ತಲೇ ಇದ್ದೇನೆ. ಏನಾದರೂ ಆದೀತು ಎಂಬ ನಂಬಿಕೆ ಈಗ ಉಳಿದಿಲ್ಲ. ದೇವರಿಲ್ಲದ ಗುಡಿಗೂ ಜನ ಹೋಗಿಬರುವುದಿಲ್ಲವೇ, ಹಾಗೆ.

ನಿನ್ನೆ ಸಂಜೆ ರೊಟ್ಟಿ ಬಡಿಯುವಾಗ ಮತ್ತೆ ಮಾಡಿದೆ. ಕೈಯೆಲ್ಲ ಹಿಟ್ಟಾಗಿತ್ತೆಂದು ಸ್ಪೀಕರ್ ಹಾಕಿಟ್ಟಿದ್ದೆ. ಈ ಸಲ ಸಂಗೀತ ನಿಂತು ಒಬ್ಬ ಹುಡುಗಿ ಮಾತಾಡಿದಳು. ನಾನು ಹೇಳಿದ್ದೆಲ್ಲ ಕೇಳಿಕೊಂಡು, ಅದೇ ನಿಯಮವನ್ನು ಮೆಲ್ಲಗೆ ಓದಿದಳು. ಬೇರೆ ಏನಾದರೂ ಸಹಾಯ ಬೇಕೇ ಎಂದು ಕೇಳಿದಳು.

"ಒಂದೇ ಒಂದು ಹೇಳವ್ವಾ," ಎಂದೆ. "ಇದು ರೋಗ ಹೌದೋ, ಅಲ್ಲೋ?"

ಆ ಕಡೆ ಕಾಗದ ಮಗುಚಿದ ಸದ್ದು ಕೇಳಿತು. ಅವಳ ಮುಂದಿನ ಕಾಗದದಲ್ಲಿ ಅದಕ್ಕೆ ಉತ್ತರ ಇರಲಿಲ್ಲವೆಂದು ಕಾಣುತ್ತದೆ.

"ಹೌದು ಮೇಡಂ, ಕಾಯಿಲೆನೇ. ಪಾಲಿಸಿಲಿ ಇಲ್ಲ, ಅಷ್ಟೇ."

ತಿರುಗಿ ನೋಡಿದರೆ ಇವರು ಬಾಗಿಲಲ್ಲಿ ನಿಂತಿದ್ದರು, ಒಂದು ಬೂಟು ಬಿಚ್ಚಿ, ಇನ್ನೊಂದು ಬಿಚ್ಚದೆ. ಆಮೇಲೆ ಅದನ್ನೂ ಬಿಚ್ಚಿದರು. ಕೈಕಾಲು ತೊಳೆದು ಬಂದು ತಾಟಿನ ಮುಂದೆ ಕೂತು, ರೊಟ್ಟಿ ಮುರಿಯುತ್ತ ಕೇಳಿದರು.

"ಆ ಕಂಪ್ಲಿ ಅಕ್ಕೋರ ಹತ್ರ ಎಷ್ಟು ಕುರ್ಚಿ ಅದಾವು ಅಂದಿ?"

"ಎರಡು."

"ಹಂಗಾರ ನೀ ಎಲ್ಲಿ ಕುಂದರ್ತಿ?"

ಹೊರಗೆ ಕಟ್ಟೆ ಇದೆ ಎಂದೆ. ಇನ್ನೊಂದು ರೊಟ್ಟಿಗೆ ತಾಟು ಮುಂದೆ ಸರಿಸಿದರು.

ಊಟಕ್ಕೆ ಜೋಳದ ರೊಟ್ಟಿ, ಮೆಂತ್ಯೆ ಪಲ್ಯ, ಬಸಿದ ಅನ್ನ, ಮಜ್ಜಿಗೆ. ಶಾರದಮ್ಮ ಒಂದು ಬಟ್ಟಲು ಬೇಳೆ ಸಾರು ಕಳಿಸಿದ್ದಳು. ಬೇಳೆ ಹಲ್ಲಿಗೆ ಸಿಕ್ಕುತ್ತಿತ್ತು, ಬಿಡದೆ ಉಂಡೆವು. ಆಮೇಲೆ ಇವರು ತಮ್ಮ ಕುರ್ಚಿಯಲ್ಲಿ ಕೂತರು. ನಾನು ನನ್ನ ನಿಯಮದಂತೆ ಎದುರಿಗೆ ಕೂತೆ. ಮೊದಲು ನಿದ್ದೆ ಹೋದವಳು ನಾನು.