ಪಕ್ಕದ ಮನೆಯ ಸಮುದ್ರ

ಗಾಜಿನ ಭರಣಿಯನ್ನು ಎದೆಗವಚಿಕೊಂಡು ಖೈರುನ್ನೀಸಾ ನಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಒಳಗೆ ಹಳದಿ ಪಟ್ಟೆಯ ಪುಟ್ಟ ಮೀನು ಒಂದು ಪಕ್ಕಕ್ಕೆ ವಾಲಿಕೊಂಡು ಬಾಯಿ ಬಿಡುತ್ತಿತ್ತು.

"ನೀರು ಕಮ್ಮಿ ಆದಂಗೆಲ್ಲಾ ಉಪ್ಪುನೀರೇ ಹಾಕ್ದೆ ಕಣಕ್ಕಾ. ಸಮುದ್ರದ ಮೀನಲ್ವಾ? ಆದ್ರೂ ಇಂಗಾಗೋಯ್ತು" ಎಂದು ಅತ್ತಳು.

ಶಿರಾದಲ್ಲಿ ಅವಳು ನಮ್ಮ ಪಕ್ಕದ ಮನೆಯವಳು. ಕಡಲೆಕಾಯಿ ಲಾರಿ ಓಡಿಸುವ ಅವಳ ಅಣ್ಣ ಮಂಗಳೂರಿನಿಂದ ಆ ಮೀನನ್ನೂ, ಒಂದು ಕಲ್ಲನ್ನೂ, ಕ್ಯಾನಿನ ತುಂಬ ಸಮುದ್ರದ ನೀರನ್ನೂ ತಂದುಕೊಟ್ಟಿದ್ದ. ಅರವತ್ತರ ದಶಕದಲ್ಲಿ ಬೀದಿಗೆಲ್ಲ ರೇಡಿಯೋ ಇದ್ದದ್ದು ನಮ್ಮ ಮನೆಯಲ್ಲೇ. ಸಂಜೆಯಾದರೆ ನಮ್ಮ ಜಗಲಿ ತುಂಬುತ್ತಿತ್ತು. ಮೀನು ಬಂದ ಮೇಲೆ ಒಂದು ನರಪಿಳ್ಳೆಯೂ ನಮ್ಮ ಕಡೆ ತಲೆ ಹಾಕಿರಲಿಲ್ಲ. ಸತ್ತರೆ ಪೀಡೆ ತೊಲಗಿತು ಎಂದುಕೊಂಡೆ. ಆದರೆ ಉಪ್ಪಿನಕಾಯಿ ಹಾಕಿ ಪಳಗಿದ ಕೈ ಸುಮ್ಮನಿರಬೇಕಲ್ಲ!

"ಮೀನಿನ ಉಪ್ಪಿನಕಾಯಿ ಹಾಕ್ತಿದ್ದೀಯೇನೇ? ಬಿಸಿಲಿಗೆ ಆರೋಗಿದ್ದು ಬರೀ ನೀರು ಕಣೇ, ಉಪ್ಪು ಅಲ್ಲೇ ಐತೆ" ಎಂದು ರೇಗಿದೆ. ಭರಣಿಯ ನೀರನ್ನು ತುಸು ಚೆಲ್ಲಿ, ಊರಾಚೆಯ ಬಾವಿಯಿಂದ ಕುಡಿಯಲು ಹೊತ್ತು ತಂದಿದ್ದ ಸಿಹಿನೀರನ್ನು ಚೊಂಬಿನಿಂದ ಮೆಲ್ಲಮೆಲ್ಲಗೆ ಸುರಿದೆ. ಸಂಜೆಯ ಹೊತ್ತಿಗೆ ಮೀನು ನೆಟ್ಟಗಾಯಿತು.

ಸತ್ತು ಬದುಕಿದ ಮೀನನ್ನು ನೋಡಲು ಮರುದಿನ ಆಚೆ ಬೀದಿಯವರೂ ಬಂದರು, ಅವಳ ಮನೆಗೆ. ನಮ್ಮ ರೇಡಿಯೋ ಖಾಲಿ ಜಗಲಿಗೆ ಹಾಡುತ್ತಿತ್ತು. ತಡೆಯಲಾರದೆ ನಾನೂ ಹೋಗಿ ಬಗ್ಗಿದೆ. ಅವಳ ಬೆರಳು ಕಂಡು ಓಡಿ ಬಂದ ಮೀನು, ನನ್ನನ್ನು ಕಂಡದ್ದೇ ಕಲ್ಲಿನ ಹಿಂದೆ ಅವಿತುಕೊಂಡಿತು.

ನನ್ನ ಬಿಂದಿಗೆಯ ನೀರಲ್ಲಿ ಬದುಕಿದ ಮೀನು ಅದು! ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.